ಒಂಟಿಗಾಲಿಯ ಪರಿಮಾಣ ವಿಚಾರ

ದೂರ ಪ್ರಯಾಣದ ಮಾತು ಬಂದಾಗ ಗಾಲಿಗಳ ಸಂಖ್ಯೆಯನ್ನು ಹೆಚ್ಚಿಸುತ್ತ ಹೋಗುವುದು ಲೋಕರೂಢಿಯಾಗಿದ್ದು, ಕಬ್ಬಿನ ಹಂಗಾಮಿನಲ್ಲಿ ಕೊಲ್ಹಾಪುರ ಜಿಲ್ಲೆಯ ಯಾವುದೇ ರಸ್ತೆಯ ಮೇಲೆ ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರುಗಳು ಓಲಾಡುತ್ತ ಸಾಗುವ ದೃಶ್ಯ ಈ ರೂಢಿಯ ಪರಾಕಾಷ್ಠೆ ಎನ್ನಬಹುದು. ಇದಕ್ಕೆ ತದ್ವಿರುದ್ಧವಾಗಿ, ಇರುವ ಎರಡು ಗಾಲಿಗಳಲ್ಲಿ ಒಂದನ್ನು ಕಳೆದು, ಉಳಿದದ್ದನ್ನು ಆದಷ್ಟು ದೊಡ್ಡದು ಮಾಡಿಕೊಂಡು ಊರಿಂದೂರಿಗೆ ಹೋಗಬೇಕೆಂಬ ಹಂಬಲವುಳ್ಳ ಸಣ್ಣದೊಂದು ಪಂಥವೂ ಜಗತ್ತಿನಲ್ಲಿದೆ. ಈ ಪಂಥದವರು ಏರುವ ವಾಹನಕ್ಕೆ ಯುನಿಸೈಕಲ್ ಎಂದು ಹೆಸರು. ಒಂಟಿಗಾಲಿ ಸೈಕಲ್ ಎಂದರೆ ಗಡಿನಾಡಿನ ಕನ್ನಡಿಗರಿಗೆ ಬೇಗ ತಿಳಿಯುತ್ತದೆ. ಒಂದು ಗಾಲಿ, ಅದರ ಅಚ್ಚಿನ ಎರಡು ತುದಿಗೆ ನೇರವಾಗಿ ಬಿಗಿದ ಕ್ರ್ಯಾಂಕು ಎಂಬ ಎರಡು ತೋಳುಗಳು, ತೋಳುಗಳ ಕೊನೆಗೆ ಪೆಡಲುಗಳು, ಗಾಲಿಯನ್ನು ಕವಿದುಕೊಂಡ ಕವಲು, ಕವಲಿನ ನೆತ್ತಿಯ ಮೇಲೊಂದು ಸೀಟು, ಇಷ್ಟಕ್ಕೆ ಅದರ ಶರೀರವರ್ಣನೆ ಮುಗಿಯುತ್ತದೆ. ಹ್ಯಾಂಡಲ್ಲಿಲ್ಲ, ಚೈನಿಲ್ಲ, ಗಂಟೆ ಬಾರಿಸೋಣವೆಂದರೆ ಅದನ್ನು ಕೂಡಿಸಲು ಜಾಗವೂ ಇಲ್ಲ. ಸರ್ಕಸ್ಸಿನ ಕಣದೊಳಗೆ ಸುತ್ತುವವರಿಗೆ 20 ಇಂಚಿನ ಗಾಲಿ ಧಾರಾಳವಾಗಿ ಸಾಕು. ಕೊಲ್ಹಾಪುರದಲ್ಲಿ ಹೊರಟು ಇಚಲಕರಂಜಿ ಮುಟ್ಟಬೇಕು, ಆಮೇಲೆ ಒಂದು ದಿನ ಗಡಹಿಂಗ್ಲಜವನ್ನೂ ನೋಡಿಬಿಡಬೇಕು ಎನ್ನುವವರಿಗೆ ಎಷ್ಟು ಇಂಚಿನದು ತಕ್ಕದ್ದು ಎಂಬ ವಿಷಯವಷ್ಟೇ ಇಲ್ಲಿ ಪರಿಶೀಲನೆಗೆ ಬಂದಿದೆ.

ಈ ವಾಹನದ ಬಗ್ಗೆ ಪ್ರಾಚೀನರಲ್ಲಿ ಒಮ್ಮತವಿಲ್ಲ. ಯಾಜ್ಞವಲ್ಕ್ಯ ಸ್ಮೃತಿಯು ದೈವಕ್ಕೆ ಪುರುಷಪ್ರಯತ್ನದ ಜೊತೆ ಬೇಕೇ ಬೇಕು ಎಂದು ವಾದಿಸುವಾಗ, ಒಂದು ಗಾಲಿಯನ್ನು ನೆಚ್ಚಿಕೊಂಡ ರಥ ಎಲ್ಲಿಗೂ ಹೋಗಲಾರದೆಂಬ ದೃಷ್ಟಾಂತವನ್ನು ಮುಂದಿಟ್ಟು ಪಂಥದ ಬುಡಕ್ಕೇ ಕೊಡಲಿ ಹಾಕುತ್ತದೆ. ಪುರಾಣಗಳಾದರೋ ಸಾಕ್ಷಾತ್ ಸೂರ್ಯನ ರಥಕ್ಕೆ ಇರುವುದು ಒಂದೇ ಗಾಲಿಯೆಂದೂ, ಅದನ್ನು ನಡೆಸುವ ಅರುಣನಿಗೆ ತೊಡೆಗಳೇ ಇಲ್ಲವೆಂದೂ, ಹಾಗಿದ್ದೂ ಅದು ಒಂದು ದಿನವೂ ತಪ್ಪದೆ ಮುಗಿಲನ್ನು ಹಾಯುತ್ತದೆಂದೂ ಹೇಳುತ್ತವೆ. ಇದನ್ನೇ ಹಿಡಿದುಕೊಂಡ ಸುಭಾಷಿತಕಾರರು, ಸಾಮಾನು ನೆಟ್ಟಗಿಲ್ಲದಿದ್ದರೂ ಗಟ್ಟಿಗರ ಕೆಲಸ ನಿಲ್ಲುವುದಿಲ್ಲವೆಂಬ ತೀರ್ಮಾನಕ್ಕೆ ಬಂದಿದ್ದಾರೆ. ಏಳು ಕುದುರೆಗಳನ್ನು ಕಟ್ಟಿಕೊಂಡವನಿಗೆ ಈ ತೀರ್ಮಾನ ಒಪ್ಪಬಹುದು, ಮತ್ತು ತೊಡೆಯಿಲ್ಲದ ಸಾರಥಿಗೆ ಸೀಟಿನ ಉರಿಯ ಅನುಭವವಾಗುವ ಸಂಭವವೂ ಕಡಿಮೆ. ಆದರೂ ಕೊಲ್ಹಾಪುರದ ಮಟ್ಟಿಗೆ ಪುರಾಣದ ಪಕ್ಷವೇ ಬಲವಾದದ್ದೆಂದು ಒಪ್ಪಬೇಕಾಗುತ್ತದೆ. ಏಕೆಂದರೆ ಜನವರಿ ಕೊನೆಯ ಸುಮಾರಿಗೆ ಮತ್ತು ನವೆಂಬರಿನಲ್ಲಿ, ಮುಳುಗುವ ಸೂರ್ಯನ ಕಿರಣಗಳು ಮಹಾಲಕ್ಷ್ಮಿ ಗುಡಿಯ ಪಶ್ಚಿಮದ ಬಾಗಿಲಿನಿಂದ ಒಳಹೊಕ್ಕು ದೇವಿಯ ಪಾದದಿಂದ ಮೇಲೇರುವ ಕಿರಣೋತ್ಸವಕ್ಕೆ ಕಿಕ್ಕಿರಿದು ನೆರೆಯುವ ಜನರೆಲ್ಲ, ಒಂಟಿಗಾಲಿಯ ವಾಹನವೊಂದು ಹೇಳಿದ ದಿನಕ್ಕೆ ಈ ಊರನ್ನು ತಲುಪುತ್ತದೆ ಎಂಬುದಕ್ಕೆ ಕಣ್ಣಾರೆ ಕಂಡ ಸಾಕ್ಷಿಗಳೇ ಆಗಿದ್ದಾರೆ. ಮೋಡವೋ ಧೂಳೋ ಅಡ್ಡವಾದ ವರ್ಷ ಕಿರಣಗಳು ಮುಖದವರೆಗೆ ಏರದೆ ಅರ್ಧಕ್ಕೇ ನಿಂತುಬಿಡುವುದುಂಟು. ದೂರ ಪ್ರಯಾಣದಲ್ಲಿ ಅಷ್ಟು ಹಿಂದುಮುಂದು ಯಾರಿಗೂ ತಪ್ಪಿದ್ದಲ್ಲ.

ಗಾಲಿ ದೊಡ್ಡದೇಕೆ ಇರಬೇಕೆಂಬುದನ್ನು ಇಚಲಕರಂಜಿಯವರಿಗೆ ಬಿಡಿಸಿ ಹೇಳುವ ಅಗತ್ಯ ಬೀಳುವುದಿಲ್ಲ. 1904ರಲ್ಲಿ ವಿಠ್ಠಲರಾವ ದಾತಾರ ಅವರು ಮೊದಲ ಯಂತ್ರಮಗ್ಗವನ್ನು ಹೂಡಿದಂದಿನಿಂದ ಮಗ್ಗದ ಸದ್ದಿನಲ್ಲೇ ಹುಟ್ಟಿ ಮಗ್ಗದ ಸದ್ದಿನಲ್ಲೇ ಕಣ್ಣುಮುಚ್ಚುವ ಆ ಊರಿನಲ್ಲಿ, ಕನ್ನಡ ಮನೆಮಾತಿನ ನೇಕಾರರಿಂದ ಹಿಡಿದು ಎಲ್ಲರೂ ಬಲ್ಲ ಸಂಗತಿಯೆಂದರೆ, ಮಗ್ಗದ ಕ್ರ್ಯಾಂಕು ಒಂದು ಸುತ್ತು ತಿರುಗಿದರೆ ಲಾಳಿ ಒಮ್ಮೆ ಹಾರಿ ಹೊಕ್ಕಿನ ಒಂದೇ ಒಂದು ಎಳೆ ಬೀಳುತ್ತದೆ. ಆ ಒಂದು ಎಳೆಗೆ ಪಿಕ್ ಎನ್ನುತ್ತಾರೆ, ಮಜೂರಿಯ ಲೆಕ್ಕ ನಿಂತಿರುವುದೂ ಪಿಕ್ಕಿನ ಮೇಲೆಯೇ. ಒಂಟಿಗಾಲಿಯ ಲೆಕ್ಕಾಚಾರವೂ ಇದೇ ಜಾತಿಯದು: ಕಾಲು ಒಂದು ಸುತ್ತು, ಗಾಲಿ ಒಂದು ಸುತ್ತು, ಹೆಚ್ಚಿಲ್ಲ, ಕಡಿಮೆಯಿಲ್ಲ. ಸಾಮಾನ್ಯ ಸೈಕಲ್ಲಿನಲ್ಲಿ ಚೈನು ಮತ್ತು ಹಲ್ಲಿನ ಚಕ್ರಗಳು ಕಾಲಿನ ಒಂದು ಸುತ್ತನ್ನು ಗಾಲಿಯ ಎರಡು ಮೂರು ಸುತ್ತಾಗಿ ಹಿಗ್ಗಿಸಿ ಕೊಡುತ್ತವೆ. ಇಲ್ಲಿ ಅಂಥ ಬಡ್ಡಿ ವ್ಯವಹಾರವಿಲ್ಲವಾದ್ದರಿಂದ ದೂರವನ್ನು ಹೆಚ್ಚಿಸಲು ಉಳಿಯುವ ಏಕೈಕ ಉಪಾಯವೆಂದರೆ ಗಾಲಿಯ ಸುತ್ತಳತೆಯನ್ನೇ ಹೆಚ್ಚಿಸುವುದು. ಕೊಲ್ಹಾಪುರದಿಂದ ಇಚಲಕರಂಜಿಗೆ ಸುಮಾರು 30 ಕಿಲೋಮೀಟರ್ ಎಂದು ಹಿಡಿದರೆ, 20 ಇಂಚಿನ ಗಾಲಿಯವನು 19,000 ಸಲ ಕಾಲು ತಿರುಗಿಸಬೇಕಾದಲ್ಲಿ, ಒಂದು ಸುತ್ತಿಗೆ 2.87 ಮೀಟರು ಸಾಗುವ 36 ಇಂಚಿನ ಗಾಲಿಯವನಿಗೆ ಸುಮಾರು 10,500 ಸುತ್ತುಗಳಲ್ಲಿ ಊರು ಸಿಗುತ್ತದೆ. ಮಧ್ಯದಲ್ಲಿ ಕಾಲು ನಿಲ್ಲಿಸಿ ಗಾಲಿಯನ್ನು ತಾನಾಗಿ ಹರಿಯಲು ಬಿಡುವ ಸೌಲಭ್ಯವೂ ಇದಕ್ಕಿಲ್ಲ. ಫ್ರೀವೀಲ್ ಎಂಬ ಆ ಕರುಣಾಮಯ ಭಾಗವನ್ನು ಈ ವಾಹನ ತಿಳಿಯದು, ಇಳಿಜಾರಿನಲ್ಲೂ ಪೆಡಲು ತಿರುಗುತ್ತಲೇ ಇರುತ್ತದೆ, ಅದರ ಜೊತೆಗೆ ಕಾಲೂ ತಿರುಗುತ್ತಿರಬೇಕು.

ಈ ತರ್ಕ ಹೊಸದೇನಲ್ಲ. ಜೇಮ್ಸ್ ಸ್ಟಾರ್ಲಿ ಮೊದಲಾದವರು 1870ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ತಯಾರಿಸಿದ, ಮುಂದೆ ಆಳೆತ್ತರದ ಗಾಲಿಯೂ ಹಿಂದೆ ಅಂಗೈ ಅಗಲದ ಗಾಲಿಯೂ ಇದ್ದ ಸೈಕಲ್ಲುಗಳು ಇದೇ ಲೆಕ್ಕದ ಮೇಲೆ ಬೆಳೆದವು. ಸವಾರನ ಕಾಲು ಎಷ್ಟು ಉದ್ದವೋ ಗಾಲಿಯೂ ಅಷ್ಟು ದೊಡ್ಡದು. 1885ರಲ್ಲಿ ಅದೇ ಮನೆತನದ ಜಾನ್ ಕೆಂಪ್ ಸ್ಟಾರ್ಲಿ ಚೈನಿನಿಂದ ಹಿಂದಿನ ಗಾಲಿಯನ್ನು ತಿರುಗಿಸುವ ರೋವರ್ ಸೈಕಲ್ಲನ್ನು ಹೊರತಂದ ಮೇಲೆ ದೊಡ್ಡ ಗಾಲಿಯ ಆಟ ಮುಗಿಯಿತು, ಲೋಕವೆಲ್ಲ ಚೈನಿಗೆ ಒಲಿಯಿತು, ಒಂಟಿಗಾಲಿಯವರು ಮಾತ್ರ ಅಂದು ನಿಂತಲ್ಲೇ ಇಂದಿಗೂ ನಿಂತಿದ್ದಾರೆ. ನಿಲ್ಲಲು ಬಾರದ ವಾಹನದವರ ವಿಷಯದಲ್ಲಿ ಈ ಮಾತನ್ನು ಆಲಂಕಾರಿಕವಾಗಿ ತೆಗೆದುಕೊಳ್ಳಬೇಕು. ಸಾಂಗಲಿ ಸೀಮೆಯ ವಿಷ್ಣುಪಂತ ಛತ್ರೆಯವರು ಗ್ರೇಟ್ ಇಂಡಿಯನ್ ಸರ್ಕಸ್ ಎಂಬ ಹೆಸರಿನಿಂದ ಭಾರತೀಯರದೇ ಆದ ಮೊದಲ ಸರ್ಕಸ್ಸನ್ನು ಕಟ್ಟಿದ್ದು 1880ರಲ್ಲಿ, ಅಂದರೆ ದೊಡ್ಡ ಗಾಲಿ ಇನ್ನೂ ಮೆರೆಯುತ್ತಿದ್ದ ಕಾಲದಲ್ಲಿ. ಮುಂದೆ ಒಂಟಿಗಾಲಿ ಈ ದೇಶದ ಜನಕ್ಕೆ ಪರಿಚಯವಾದದ್ದು ಸರ್ಕಸ್ಸಿನ ಡೇರೆಗಳಲ್ಲೇ ಆದ್ದರಿಂದ, ಇಂದಿಗೂ ಈ ಭಾಗದಲ್ಲಿ ರಸ್ತೆಯ ಮೇಲೆ ಅದು ಕಂಡರೆ ಹಿಂದೆಯೇ ಜೋಕರನೂ ಆನೆಯೂ ಬರುತ್ತಿರಬಹುದೆಂದು ಮಕ್ಕಳು ಕತ್ತು ಚಾಚುತ್ತಾರೆ. ಅದನ್ನು ಡೇರೆಯಿಂದ ಹೆದ್ದಾರಿಗೆ ತಂದವರಲ್ಲಿ ಅಮೆರಿಕದ ಚಾಟನೂಗದ ಕೋಕರ್ ಕಂಪನಿಗೆ ದೊಡ್ಡ ಪಾಲು ಸಲ್ಲುತ್ತದೆ. ಹಳೆಯ ಕಾಲದ ಕಾರುಗಳಿಗೆ ಟೈರು ಮಾಡುವ ಈ ಕಂಪನಿ ಕಳೆದ ಶತಮಾನದ ಕೊನೆಯಲ್ಲಿ 36 ಇಂಚಿನ ಟೈರಿನ ಒಂಟಿಗಾಲಿಯನ್ನು ಮಾರುಕಟ್ಟೆಗೆ ಬಿಟ್ಟಿತು, ಬಹುಕಾಲ ಆ ಗಾತ್ರದ ವಾಹನಕ್ಕೆ ಕೋಕರ್ ಎಂಬುದೇ ಹೆಸರಾಗಿತ್ತು. 2007ರಲ್ಲಿ ಸ್ಯಾಮ್ ವೇಕ್ಲಿಂಗ್ ಎಂಬಾತ ವೇಲ್ಸಿನ ಅಬರಿಸ್ಟ್‌ವಿತ್‌ನಲ್ಲಿ 24 ಗಂಟೆಗಳಲ್ಲಿ 453.6 ಕಿಲೋಮೀಟರ್ ಓಡಿಸಿದ. ಆತ ಅದೇ ಭರದಲ್ಲಿ ಕೊಲ್ಹಾಪುರದಿಂದ ಬೆಂಗಳೂರಿನ ದಾರಿ ಹಿಡಿದಿದ್ದರೆ ಮರುದಿನ ಅದೇ ಹೊತ್ತಿಗೆ ಚಿತ್ರದುರ್ಗವನ್ನು ದಾಟಿರುತ್ತಿದ್ದ. 2015ರಿಂದ 2018ರವರೆಗೆ ಎಡ್ ಪ್ರ್ಯಾಟ್ ಎಂಬ ಇಂಗ್ಲೆಂಡಿನ ಹುಡುಗ 36 ಇಂಚಿನ ಗಾಲಿಯ ಮೇಲೆ ಜಗತ್ತನ್ನೇ ಸುತ್ತಿ ಬಂದಿದ್ದಾನೆ.

ಇಂಥ ವೃತ್ತಾಂತಗಳನ್ನು ಓದಿದ ಹೊಸಬರು ಒಮ್ಮೆಲೇ 36 ಇಂಚಿಗೆ ಕೈಹಾಕುತ್ತಾರೆ. ಅಂತಹ ಗಾಲಿಯ ಮೇಲೆ ಕೂತವನ ಸೀಟು ನೆಲದಿಂದ ಒಂದು ಮೀಟರಿಗೂ ಎತ್ತರದಲ್ಲಿರುತ್ತದೆ, ತಲೆ ಟೆಂಪೋದ ಚಾಲಕನ ತಲೆಗಿಂತ ಮೇಲಕ್ಕೆ ಹೋಗುತ್ತದೆ, ಮತ್ತು 1912ರಿಂದ ಖಾಸಬಾಗ ಮೈದಾನದಲ್ಲಿ ಭಾರೀ ಆಳುಗಳ ಕುಸ್ತಿ ನೋಡಿ ಬೆಳೆದ ಕೊಲ್ಹಾಪುರದಂಥ ಊರಿನಲ್ಲಿ ಗಾತ್ರಕ್ಕಿರುವ ಗೌರವ ಇನ್ನಾವುದಕ್ಕೂ ಇಲ್ಲ. ಆದರೆ ಈ ವಾಹನದಲ್ಲಿ ಗಾಲಿ ಇರುವುದು ನೋಡುವವರಿಗಾಗಿ, ಕ್ರ್ಯಾಂಕು ಇರುವುದು ಮೊಣಕಾಲಿಗಾಗಿ; ಮೊದಲನೆಯದನ್ನು ಆರಿಸುವಾಗ ಕೊಚ್ಚಿಕೊಂಡವನು ಎರಡನೆಯದನ್ನು ಆರಿಸುವಾಗ ನಿಜ ನುಡಿಯಬೇಕಾಗುತ್ತದೆ. ಕ್ರ್ಯಾಂಕಿನ ಉದ್ದ ಸಾಮಾನ್ಯವಾಗಿ 100ರಿಂದ 150 ಮಿಲಿಮೀಟರುಗಳೊಳಗೆ ಇರುತ್ತದೆ. 150ರ ಕ್ರ್ಯಾಂಕಿನಲ್ಲಿ ಪ್ರತಿ ಸುತ್ತಿಗೆ ಪಾದ 94 ಸೆಂಟಿಮೀಟರ್ ದಾರಿ ತುಳಿಯುತ್ತದೆ, 100ರದರಲ್ಲಿ 63 ಮಾತ್ರ. ಆದ್ದರಿಂದ ಗಿಡ್ಡ ಕ್ರ್ಯಾಂಕಿನವನ ಕಾಲು ಸಲೀಸಾಗಿ ತಿರುಗಿ ವೇಗ ಹೆಚ್ಚುತ್ತದೆ. ಆದರೆ ಏರು ಬಂದಾಗ ಸನ್ನೆಗೋಲಿನ ಉದ್ದ ಸಾಲದೆ ತೊಡೆ ನಡುಗುತ್ತದೆ, ಇಳಿಜಾರಿನಲ್ಲಿ ಹಿಂದಕ್ಕೊತ್ತಿ ತಡೆಯುವ ಬಲವೂ ಸಾಲುವುದಿಲ್ಲ. ಉದ್ದ ಕ್ರ್ಯಾಂಕು ಏರಿಗೆ ಒಳ್ಳೆಯದು, ಸಪಾಟು ರಸ್ತೆಯಲ್ಲಿ ಮಾತ್ರ ಸವಾರನ ಸೊಂಟವನ್ನು ಎಡಬಲಕ್ಕೆ ಕುಲುಕಿ ಅವನ ಘನತೆಗೆ ಕುಂದು ತರುತ್ತದೆ. 36 ಇಂಚಿನ ಗಾಲಿ ಕೊಂಡು, ಅದನ್ನು ತಿರುಗಿಸಲಾರದೆ 150ರ ಕ್ರ್ಯಾಂಕು ಹಾಕಿಸಿ, ಕೊನೆಗೆ 29 ಇಂಚಿನವನ ಹಿಂದೆಯೇ ಉಳಿಯುವವರ ಸಂಖ್ಯೆ ಈ ಪಂಥದಲ್ಲಿ ಸಣ್ಣದಲ್ಲ. ಸ್ವಿಟ್ಜರ್ಲೆಂಡಿನ ಫ್ಲೋರಿಯನ್ ಶ್ಲುಂಫ್ ಎಂಬಾತ ಗಾಲಿಯ ನಡುಗುಂಬದೊಳಗೇ ಗೇರನ್ನು ಅಡಗಿಸಿ, ಅಚ್ಚಿನ ತುದಿಯ ಗುಂಡಿಯನ್ನು ಓಟದಲ್ಲೇ ಹಿಮ್ಮಡಿಯಿಂದ ಒತ್ತಿದರೆ ಕಾಲಿನ ಒಂದು ಸುತ್ತಿಗೆ ಗಾಲಿ ಒಂದೂವರೆ ಸುತ್ತು ತಿರುಗುವ ಏರ್ಪಾಟು ಮಾಡಿದ್ದಾನೆ. ಅದರ ಬೆಲೆಗೆ ಕೊಲ್ಹಾಪುರದಲ್ಲಿ ಚಾಲೂ ಸ್ಥಿತಿಯ ಮೋಟಾರ್ ಸೈಕಲ್ ಸಿಗುವುದರಿಂದ ಇಲ್ಲಿ ಆ ವಿಷಯವನ್ನು ಬೆಳೆಸುವುದರಲ್ಲಿ ಅರ್ಥವಿಲ್ಲ.

ದೂರ ಪ್ರಯಾಣಕ್ಕೆ ವೇಗವೇ ಮುಖ್ಯವೆಂದು ತಿಳಿಯುವುದೂ ಸರಿಯಲ್ಲ, ಏಕೆಂದರೆ ಒಂಟಿಗಾಲಿಯವನ ಹೊತ್ತು ಕಳೆಯುವುದು ಓಟದಲ್ಲಿ ಅಲ್ಲ, ಇಳಿದು ಮತ್ತೆ ಹತ್ತುವುದರಲ್ಲಿ. ಆಸರೆಯಿಲ್ಲದೆ ಹತ್ತುವ ಕ್ರಮವೆಂದರೆ, ಒಂದು ಪಾದವನ್ನು ಹಿಂದಿರುವ ಪೆಡಲಿನ ಮೇಲಿಟ್ಟು, ಸೀಟಿನ ಮುಂಭಾಗವನ್ನು ಹಿಡಿದು, ಗಾಲಿಯನ್ನು ಹಿಂದಕ್ಕೆ ಉರುಳಗೊಡದೆ ಮೈಯನ್ನು ಒಮ್ಮೆಲೇ ಅದರ ನೆತ್ತಿಗೆ ಎತ್ತಿಕೊಂಡು, ಅದೇ ಉಸಿರಿನಲ್ಲಿ ಮುಂದಕ್ಕೆ ತುಳಿಯುವುದು. 20 ಇಂಚಿನದಕ್ಕೆ ಇದು ಮೆಟ್ಟಿಲು ಹತ್ತಿದಷ್ಟು ಸುಲಭ, 29 ಇಂಚಿನದಕ್ಕೆ ತುಸು ಧೈರ್ಯ ಬೇಕು, 36 ಇಂಚಿನದಕ್ಕೆ ದೈವಾನುಗ್ರಹವೂ ಒಂದು ವಿದ್ಯುತ್ ಕಂಬವೂ ಬೇಕಾಗುತ್ತವೆ. ಹೀಗಾಗಿ ದೊಡ್ಡ ಗಾಲಿಯವನು ಚಹಾ ಕುಡಿಯುವ ಅಂಗಡಿಯನ್ನು ಚಹಾದ ರುಚಿ ನೋಡಿ ಆರಿಸುವುದಿಲ್ಲ, ಅಂಗಡಿಯ ಮುಂದಿನ ಕಂಬವನ್ನು ನೋಡಿ ಆರಿಸುತ್ತಾನೆ. ಈ ಸೀಮೆಯಲ್ಲಿ ಇಳಿಯದೆ ಹೋಗುವುದಂತೂ ಸಾಧ್ಯವೇ ಇಲ್ಲ. ಜಗತ್ತಿನ ಎಲ್ಲ ದೇಶದ ಒಂಟಿಗಾಲಿಯವರನ್ನೂ ಬೆನ್ನುಹತ್ತಿರುವ ಒಂದು ಪ್ರಶ್ನೆಯುಂಟು, ಅದನ್ನು ಕೊಲ್ಹಾಪುರದ ರಸ್ತೆಯಲ್ಲಿ “ದುಸರಂ ಚಾಕ ಕುಠಂ ಸೋಡಲಂ?” ಎಂದು ಮರಾಠಿಯಲ್ಲೂ, ಇಚಲಕರಂಜಿಯ ನೇಕಾರರ ಗಲ್ಲಿಗಳಲ್ಲೂ ಗಡಹಿಂಗ್ಲಜ ತಾಲೂಕಿನ ಪೂರ್ವದ ಹಳ್ಳಿಗಳಲ್ಲೂ “ಯಾಕೋ ತಮ್ಮಾ, ಇನ್ನೊಂದ ಗಾಲಿ ಎಲ್ಲಿ ಬಿಟ್ಟ ಬಂದಿ?” ಎಂದು ಕನ್ನಡದಲ್ಲೂ ಕೇಳುತ್ತಾರೆ. ಕೇಳಿದವರು ಹಿರಿಯರಾಗಿದ್ದರೆ ಇಳಿದೇ ಉತ್ತರ ಕೊಡಬೇಕು. ಉತ್ತರ ಏನೇ ಇರಲಿ, ಅದಾದ ಮೇಲೆ “ಒಂದ ಕಪ್ ಚಾ ಕುಡದ ಹೋಗು” ಎಂಬ ಮಾತು ಬರುತ್ತದೆ, ಮತ್ತೆ ಕಂಬ ಹುಡುಕುವ ಕೆಲಸ.

ರಸ್ತೆಯ ಪಕ್ಷದಿಂದ ನೋಡಿದರೆ ದೊಡ್ಡ ಗಾಲಿಯ ಪರವಾಗಿ ಹೇಳಬೇಕಾದದ್ದೂ ಇದೆ. ನವೆಂಬರಿನಿಂದ ಮಾರ್ಚಿನವರೆಗೆ ಟ್ರೇಲರುಗಳಿಂದ ಜಾರಿಬಿದ್ದ ಕಬ್ಬಿನ ಗಳುಗಳು ದಾರಿಯುದ್ದಕ್ಕೂ ಅಡ್ಡಡ್ಡ ಮಲಗಿರುತ್ತವೆ. 20 ಇಂಚಿನ ಗಾಲಿ ಅಂಥ ಒಂದು ಗಳುವಿಗೆ ತಾಗಿ ಥಟ್ಟನೆ ನಿಂತರೆ ಸವಾರ ಮಾತ್ರ ನಿಲ್ಲದೆ ಮುಂದುವರಿಯುತ್ತಾನೆ. ಈ ಪಂಥದವರು ಪತನ ಎಂಬ ಪದವನ್ನು ಬಳಸದೆ, ಇದನ್ನು ಯೋಜಿಸದ ಇಳಿಕೆ ಎಂದು ಕರೆಯುವ ಸಂಪ್ರದಾಯವಿದೆ. 36 ಇಂಚಿನ ಗಾಲಿ ತನ್ನ ತೂಕದ ಭರದಿಂದ ಗಳುವನ್ನು ಅರೆದು ರಸ ತೆಗೆದು ಮುಂದೆ ಹೋಗುತ್ತದೆ, ಒಮ್ಮೆ ಓಟ ಹಿಡಿಯಿತೆಂದರೆ ಸಣ್ಣಪುಟ್ಟ ತಗ್ಗುಗಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅದೇ ಭರದಿಂದಾಗಿ ಎದುರಿಗೆ ಎಮ್ಮೆ ಬಂದಾಗ ಹೊರಳಲು ನಿಧಾನಿಸುತ್ತದೆ ಎಂಬುದನ್ನೂ ಇದರೊಡನೆ ಹೇಳಬೇಕು. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ನಡುವೆ ಉಬ್ಬಿಸಿ ಅಂಚಿಗೆ ಇಳಿಜಾರಾಗಿ ಮಾಡಿರುವುದರಿಂದ, ಟೈರಿನಲ್ಲಿ ಗಾಳಿ ಕಡಿಮೆಯಿದ್ದವನನ್ನು ಗಾಲಿ ತಾನಾಗಿಯೇ ಪಕ್ಕಕ್ಕೆ ಎಳೆಯತೊಡಗುತ್ತದೆ. ಗಾಳಿಯನ್ನು ಬಿಗಿಯಾಗಿ ತುಂಬಿಸಿದರೆ ಎಳೆತ ತಗ್ಗಿ ರಸ್ತೆಯ ಪ್ರತಿ ಕಲ್ಲಿನ ಪರಿಚಯ ಸೀಟಿನ ಮೂಲಕ ಆಗುತ್ತದೆ. ಹ್ಯಾಂಡಲ್ಲಿನ ಮೇಲೆ ಭಾರ ಹಾಕುವ ಅವಕಾಶವಿಲ್ಲದ್ದರಿಂದ ಮೈಯ ಭಾರವೆಲ್ಲ ಒಂದೇ ಕಡೆ ಕೂರುತ್ತದೆ, 10 ಕಿಲೋಮೀಟರು ಆಗುವಷ್ಟರಲ್ಲಿ ಆ ಕಡೆಯ ಅಸ್ತಿತ್ವವೇ ಸವಾರನಿಗೆ ತಿಳಿಯದಾಗುತ್ತದೆ. ಪಾಶ್ಚಾತ್ಯರು ಇದಕ್ಕಾಗಿ ಮೆತ್ತೆ ಹೊಲಿದ ಚಡ್ಡಿಯನ್ನು ಬಳಸುತ್ತಾರೆ. ಪೈಲವಾನರ ಊರಿನವರಿಗೆ ಲಂಗೋಟಿಯ ತತ್ತ್ವವನ್ನು ಹೊರಗಿನವರಿಂದ ಕಲಿಯುವ ಪ್ರಮೇಯವಿಲ್ಲ. ಪಾದರಕ್ಷೆಯ ವಿಷಯದಲ್ಲಿ ಮಾತ್ರ ಊರ ಅಭಿಮಾನವನ್ನು ಬದಿಗಿಡಬೇಕು. ಪಾದ ಜಾರದಿರಲೆಂದು ಒಳ್ಳೆಯ ಪೆಡಲುಗಳಿಗೆ ಸಣ್ಣ ಸಣ್ಣ ಮುಳ್ಳುಗಳನ್ನು ಕೂಡಿಸಿರುತ್ತಾರೆ, ಮತ್ತು 2019ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರಗಳಿಗೆ ಜಂಟಿಯಾಗಿ ಭೌಗೋಳಿಕ ಗುರುತು ದೊರೆತ ಕೊಲ್ಹಾಪುರಿ ಚಪ್ಪಲಿಯ ಚರ್ಮದ ಅಟ್ಟೆ ಆ ಮುಳ್ಳಿಗೆ ಸಿಕ್ಕರೆ ಎರಡೂ ರಾಜ್ಯಗಳಿಗೆ ಏಕಕಾಲದಲ್ಲಿ ನಷ್ಟವಾಗುತ್ತದೆ.

ಗಡಹಿಂಗ್ಲಜದ ದಾರಿ ಇಚಲಕರಂಜಿಯ ದಾರಿಯಂತಲ್ಲ. ಹೆದ್ದಾರಿಯನ್ನೇ ನಂಬಿ ಹೊರಟವನು ಕಾಗಲನ್ನು ದಾಟಿ ಕರ್ನಾಟಕಕ್ಕೆ ಬಂದು, ನಿಪ್ಪಾಣಿಯನ್ನು ಹಾದು, ಸಂಕೇಶ್ವರದಲ್ಲಿ ಬಲಕ್ಕೆ ಹೊರಳಿ ಮತ್ತೆ ಮಹಾರಾಷ್ಟ್ರವನ್ನು ಹೊಕ್ಕು, ಹಿರಣ್ಯಕೇಶಿಯ ದಂಡೆಯ ಆ ಊರನ್ನು ಸೇರಬೇಕು. ಒಂದೇ ಜಿಲ್ಲೆಯೊಳಗಿನ ಪ್ರಯಾಣಕ್ಕೆ ಎರಡು ಸಲ ಗಡಿ ದಾಟುವ ಯೋಗ ಎಲ್ಲರಿಗೂ ಒದಗುವಂಥದ್ದಲ್ಲ. ಗಡಿಯಾಚೆ ಕೊಗನೊಳ್ಳಿಯಲ್ಲಿ ಟೋಲ್ ನಾಕೆ ಇದೆ. ಅಲ್ಲಿಯ ಫಲಕದಲ್ಲಿ ಕಾರಿನಿಂದ ಆರಂಭಿಸಿ ಎರಡು ಅಚ್ಚಿನವು, ಮೂರು ಅಚ್ಚಿನವು, ಅದಕ್ಕೂ ಮೇಲ್ಪಟ್ಟವು ಎಂದು ವಾಹನಗಳ ವರ್ಣಭೇದವನ್ನು ಬರೆದು ದರ ಹಾಕಿರುತ್ತಾರೆ, ಎರಡು ಗಾಲಿಯವರಿಗೆ ಮಾಫಿಯೂ ಉಂಟು. ಒಂದೇ ಅಚ್ಚಿನ ವಾಹನವನ್ನು ಮಾತ್ರ ಸರಕಾರ ಊಹಿಸಿಯೇ ಇಲ್ಲ. ಮಾಫಿಗಿಂತಲೂ ಇದು ಮೇಲಿನ ಸ್ಥಾನವೆಂದು ಭಾವಿಸಿ ಹಮ್ಮಿನಿಂದ ಮುಂದುವರಿದವನ ಹಮ್ಮು ನಿಪ್ಪಾಣಿಯ ಆಚೆಗಿನ ತವಂದಿ ಘಾಟಿನವರೆಗೆ ಉಳಿಯುತ್ತದೆ. ಘಾಟಿನಲ್ಲಿ 36 ಇಂಚಿನವನು ಇಳಿದು ನೂಕುತ್ತಾನೆ, 29 ಇಂಚಿನವನು ಕೊಂಚ ಮೇಲೆ ಹೋಗಿ ಇಳಿದು ನೂಕುತ್ತಾನೆ, ವ್ಯತ್ಯಾಸ ಅಷ್ಟೇ. ನೂಕುವಾಗ ದೊಡ್ಡ ಗಾಲಿಗೆ ಬಗ್ಗಬೇಕಾಗಿಲ್ಲ ಎಂಬುದು ಅದರ ಮೆಚ್ಚಬೇಕಾದ ಗುಣ.

ಇಷ್ಟೆಲ್ಲ ತೂಗಿ ನೋಡಿದ ಮೇಲೆ, ಈ ಪ್ರದೇಶಕ್ಕೆ 36 ಇಂಚಿನದಾಗಲಿ ಪರದೇಶದ 29 ಇಂಚಿನದಾಗಲಿ ತಕ್ಕದ್ದಲ್ಲ, ಹಾಲಿನ ಕ್ಯಾನು ಹೊತ್ತು ಮೂರು ತಲೆಮಾರು ಸವೆಸಿದ ಕರಿಯ ದೊಡ್ಡ ಸೈಕಲ್ಲಿನ 28 ಇಂಚಿನ ಗಾಲಿಯೇ ತಕ್ಕದ್ದು ಎಂಬ ನಿರ್ಣಯಕ್ಕೆ ಬರಬೇಕಾಗುತ್ತದೆ. ಅದು ಒಂದು ಸುತ್ತಿಗೆ ಸುಮಾರು 2.23 ಮೀಟರು ಸಾಗುತ್ತದೆ. ಇಚಲಕರಂಜಿ ಸುಮಾರು 13,500 ಸುತ್ತಿಗೆ ಸಿಗುತ್ತದೆ. 36 ಇಂಚಿನ ಟೈರು ಸವೆದರೆ ಸಮುದ್ರದಾಚೆಯಿಂದ ತರಿಸಬೇಕು, 28 ಒಂದೂವರೆಯ ಟೈರು ಟ್ಯೂಬುಗಳು ಗಡಹಿಂಗ್ಲಜದ ಪೇಟೆಯಲ್ಲಿ ಸಂಕೇಶ್ವರಿ ಮೆಣಸಿನಕಾಯಿಯ ಘಾಟಿಗೆ ಸೀನುತ್ತ ನಿಂತಿರುವಾಗಲೇ ಕೈಗೆ ಬರುತ್ತವೆ. ಗಾಲಿಗೆ ಬೇಕಾದ ಉಳಿದ ಸಂಸ್ಕಾರವನ್ನು ಕೊಲ್ಹಾಪುರದ ಉದ್ಯಮನಗರ ಮಾಡಿಕೊಡಬಲ್ಲದು. ಲೇತ್ ಮಷೀನುಗಳೂ ವೆಲ್ಡಿಂಗಿನ ಕಿಡಿಗಳೂ ತುಂಬಿದ ಆ ಓಣಿಗಳಲ್ಲಿ ಆಯಿಲ್ ಎಂಜಿನ್ನಿನ ಭಾಗಗಳನ್ನು ಕಡೆದು ಪಳಗಿದ ಕೈಗಳಿಗೆ ಇದು ದೊಡ್ಡ ಕೆಲಸವಲ್ಲ. ಸಾಮಾನ್ಯ ಸೈಕಲ್ಲಿನಲ್ಲಿ ಅಚ್ಚು ಸ್ಥಿರವಾಗಿದ್ದು ಗುಂಬ ಮಾತ್ರ ಅದರ ಸುತ್ತ ತಿರುಗುತ್ತದೆ. ಒಂಟಿಗಾಲಿಯಲ್ಲಿ ಅಚ್ಚೂ ಗುಂಬವೂ ಒಂದೇ ಮೈಯಾಗಿ ತಿರುಗಬೇಕಾದ್ದರಿಂದ ಬೇರಿಂಗುಗಳನ್ನು ಕವಲಿನ ಕಾಲುಗಳಿಗೆ ಕೂಡಿಸುತ್ತಾರೆ. ಅದಕ್ಕೆ ಬೇಕಾದ, 17 ಮಿಲಿಮೀಟರು ಒಳವ್ಯಾಸ ಮತ್ತು 40 ಹೊರವ್ಯಾಸದ ಬೇರಿಂಗನ್ನು ಅಂಗಡಿಯಲ್ಲಿ ವರ್ಣಿಸಿ ಹೇಳುವುದೂ ಬೇಡ. “ಬಾಸಷ್ಟ ತೀನ” ಎಂದರೆ ಮೋಟಾರುಗಳಿಗೆಲ್ಲ ಬೀಳುವ ಆ 6203 ನಂಬರಿನ ಪೊಟ್ಟಣ ಕೌಂಟರಿಗೆ ಬಂದು ಬೀಳುತ್ತದೆ. ಪೆಡಲುಗಳ ಎಡಬಲವನ್ನು ಮಾತ್ರ ಮೊದಲೇ ಗುರುತು ಮಾಡಿಸಿಕೊಳ್ಳಬೇಕು. ಎಡ ಪೆಡಲಿನ ಮರೆ ಎಡಕ್ಕೆ ಸುತ್ತುವಂಥದ್ದು, ಈ ವಾಹನಕ್ಕೋ ಮುಂದು ಯಾವುದು ಹಿಂದು ಯಾವುದು ಎಂಬುದು ಸೀಟನ್ನು ನೋಡಿದರಷ್ಟೇ ತಿಳಿಯುತ್ತದೆ; ಸೀಟನ್ನು ತಿರುವಿ ಕೂಡಿಸಿಕೊಂಡು ಹೊರಟವನ ಎರಡೂ ಪೆಡಲುಗಳು ತುಳಿತುಳಿದಂತೆ ತಾವಾಗಿ ಬಿಚ್ಚಿಕೊಳ್ಳುತ್ತ ಬಂದು ಹಾತಕಣಂಗಲೆಯ ಸುಮಾರಿಗೆ ಕಳಚಿ ಬೀಳಬಹುದು.

ಕೊನೆಯ ಆಯ್ಕೆ ಉಳಿಯುವುದು, ಹಳೆಯ ಸೈಕಲ್ಲಿನ ಎರಡು ಗಾಲಿಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕೆಂಬುದು. ಹೊರನೋಟಕ್ಕೆ ಎರಡೂ ಒಂದೇ. ಆದರೆ ಮುಂದಿನದಕ್ಕೆ 32 ಕಡ್ಡಿಗಳೂ ಹಿಂದಿನದಕ್ಕೆ 40 ಕಡ್ಡಿಗಳೂ ಇರುತ್ತವೆ, ಹೊರೆಯೆಲ್ಲ ಬೀಳುವುದು ಒಂದರ ಮೇಲೇ ಆದ್ದರಿಂದ ಹಿಂದಿನದನ್ನೇ ಇಟ್ಟುಕೊಂಡು, ಹೊಸ ಗುಂಬಕ್ಕೆ ಒಂದೊಂದು ಕಡೆ 20ರಂತೆ ತೂತು ಕೊರೆಸಬೇಕು. ಗುಂಬ ಕಡೆಯುವುದು, ಬೇರಿಂಗಿನ ಮನೆ, ಕವಲಿನ ವೆಲ್ಡಿಂಗು, ಕಡ್ಡಿ ಹೆಣೆಯುವ ಮಜೂರಿ ಎಲ್ಲ ಕೂಡಿಸಿ ಮಿಸ್ತ್ರಿ ಹೇಳುವ ಮೊತ್ತ, ಎರಡೂ ಗಾಲಿಗಳುಳ್ಳ ಹೊಚ್ಚ ಹೊಸ ಸೈಕಲ್ಲಿನ ಬೆಲೆಗಿಂತ ಹೆಚ್ಚಾಗುವ ಸಂಭವವೇ ಜಾಸ್ತಿ, ಮತ್ತು ಗಿರಾಕಿಯ ಹಿತ ಬಯಸುವ ಮಿಸ್ತ್ರಿ ಅದನ್ನು ಬಾಯಿಬಿಟ್ಟು ಹೇಳಿಯೂ ಹೇಳುತ್ತಾನೆ. ಚೌಕಾಶಿಗೆ ಇರುವ ದಾರಿ ಒಂದೇ; ಬೇಡವಾದ ಮುಂದಿನ ಗಾಲಿಯನ್ನು ಅವನಿಗೇ ಬಿಟ್ಟುಕೊಟ್ಟು ಮಜೂರಿಯಲ್ಲಿ ಅಷ್ಟು ಮುರಿಸಿಕೊಳ್ಳುವುದು. ಹಾಗೆ ಮಾಡಿದವನನ್ನು ಇಚಲಕರಂಜಿಯ ಯಾವುದಾದರೂ ಕಟ್ಟೆಯ ಮೇಲಿಂದ ಹಿರಿಯರೊಬ್ಬರು ಇನ್ನೊಂದು ಗಾಲಿ ಎಲ್ಲಿ ಬಿಟ್ಟು ಬಂದೆಯೆಂದು ಕೇಳಿದರೆ, ಕಂಬ ಹುಡುಕದೆ, ಗಾಲಿಯಿಂದ ಇಳಿಯದೆ, “ಉದ್ಯಮನಗರದಾಗ ಐತ್ರಿ ಕಾಕಾ” ಎಂದು ಹೇಳಿ ಮುಂದೆ ಸಾಗಬಹುದು.